ಹೆಗಲಿನ ಪೆಟ್ಟು

ಮಿನೊಕುರಾದ ಹೊರೆಯಾಳುಗಳು ಚಳಿಗಾಲದುದ್ದಕ್ಕೂ ಉಪ್ಪುಮೀನು ಹೊತ್ತು ಘಟ್ಟದಾಚೆಗೆ ಹೋಗಿ, ಬರುವಾಗ ಹೊಗೆಸೊಪ್ಪನ್ನೂ ಸೋಬಾ ಹಿಟ್ಟನ್ನೂ ತರುತ್ತಿದ್ದ ಕಾಲದಲ್ಲಿ, ಕುರಾಸಾವಾದ ಇಳಿಜಾರನ್ನು ದಾಟಬೇಕೇ ಬೇಡವೇ ಎಂಬ ತೀರ್ಮಾನ ಒಬ್ಬನ ಬಾಯಿಂದಲೇ ಬರಬೇಕಾಗಿತ್ತು. ಅವನು ತಂಡದ ಮುಂದಾಳು ಇವಾಕಿಚಿ. ಅವನು ಹೇಳುತ್ತಿದ್ದುದು ಎರಡರಲ್ಲಿ ಒಂದು ಮಾತು: “ಕೂತಿದೆ” ಅಥವಾ “ಕೂತಿಲ್ಲ.” ಕೂತಿದೆ ಎಂದರೆ ಹೊಸ ಹಿಮ ಹಳೆಯ ಹಿಮದ ಮೇಲೆ ಗಟ್ಟಿಯಾಗಿ ನೆಲೆನಿಂತಿದೆ, ದಾಟಬಹುದು. ಕೂತಿಲ್ಲ ಎಂದರೆ ಎಷ್ಟೇ ಅವಸರದ ಕೆಲಸವಿದ್ದರೂ ಹೊರೆ ಇಳಿಸಿ ಕಾಯಬೇಕು. ಸಾಲಿನ ಕೊನೆಯವನಿಗೂ ಕೇಳುವಂತೆ ಅದನ್ನು ಗಟ್ಟಿಯಾಗಿ ಒಮ್ಮೆ ಹೇಳಬೇಕು. ಆಮೇಲೆ ಇಳಿಜಾರಿನ ಅಂಚಿನಲ್ಲಿ ಯಾರೂ ದನಿಯೆತ್ತಬಾರದು. ಆ ಸೀಮೆಯ ಕಟ್ಟಳೆಯೇ ಹಾಗಿತ್ತು.

ಇಪ್ಪತ್ತು ಚಳಿಗಾಲ ಇವಾಕಿಚಿಯ ಮಾತು ಹುಸಿಯಾಗಿರಲಿಲ್ಲ. ಅದರ ಬಗ್ಗೆ ಅವನಿಗೆ ಹೆಮ್ಮೆಯಿತ್ತು. ಹೆಮ್ಮೆಯಿದೆಯೆಂದು ತೋರಗೊಡದಷ್ಟು ಹೆಮ್ಮೆಯಿತ್ತು.

ಆ ದಿನ ಐವರು ಹಿಂದಿರುಗುತ್ತಿದ್ದರು. ಮುಂದೆ ಇವಾಕಿಚಿ, ಅವನ ಹಿಂದೆ ಮೂವತ್ತು ವರ್ಷಗಳ ಜೊತೆಗಾರ ದೆನ್‌ಸುಕೆ, ಆಮೇಲೆ ಕೆಳಗಿನ ಕೇರಿಯ ಅಣ್ಣತಮ್ಮಂದಿರಿಬ್ಬರು, ಕಡೆಯಲ್ಲಿ ಇವಾಕಿಚಿಯ ಒಬ್ಬನೇ ಮಗ ತಾಮಿಯೊ. ಎರಡು ದಿನ ಬಿಡದೆ ಸುರಿದ ಹಿಮ ಬೆಳಗ್ಗೆ ನಿಂತಿತ್ತು. ಇಳಿಜಾರಿನ ಅಂಚಿನ ಬುನಾ ಮರಗಳ ತೋಪಿನಲ್ಲಿ, ಹೊರೆಯ ಬುಡಕ್ಕೆ ಊರೆಗೋಲು ಕೊಟ್ಟು ನಿಂತು ಎಲ್ಲರೂ ಉಸಿರು ಹಾಕಿಕೊಂಡರು. ಇಳಿಜಾರಿನಾಚೆಗೆ ದಾರಿ ಸುಗಮ. ತಗ್ಗಿಗಿಳಿದರೆ ಮನೆಗಳ ಹೊಗೆ ಕಾಣುತ್ತಿತ್ತು.

“ಚಿಕ್ಕಪ್ಪ, ಆ ಹೊಗೆಸೊಪ್ಪಿನ ಕಟ್ಟು ಇತ್ತ ಕೊಡಿ,” ಎಂದ ತಾಮಿಯೊ. “ನಿಮ್ಮ ಮೊಣಕಾಲು ಆಗ್ಲಿಂದ ಕಟಕಟ ಅಂತಿದೆ. ಆ ಸದ್ದಿಗೇ ಹಿಮಕ್ಕೆ ಎಚ್ಚರ ಆಗತ್ತೆ.”

“ನಿನ್ನ ಹೊಟ್ಟೆ ಸದ್ದಿಗಿಂತ ವಾಸಿ ಬಿಡೋ,” ಎಂದ ದೆನ್‌ಸುಕೆ. “ನೆನ್ನೆ ಆ ತಂಗುಮನೆಯೋಳು ನಿನ್ನ ನೋಡಿ ಸೋಬಾ ಪಾತ್ರೇನ ಒಳಗೇ ಎತ್ತಿಟ್ಕೊಂಡ್ಲು. ಮುಂದಿನ ಸಲ ನಿನ್ನ ಬಾಗಿಲ ಹೊರಗೇ ಕಟ್ಟಾಕ್ತಾಳೆ.”

“ಕಟ್ಟಲಿ. ಹಗ್ಗಾನೂ ತಿಂದ್ಬಿಡ್ತೀನಿ.”

ಅಣ್ಣತಮ್ಮಂದಿರು ಕಿಸಕ್ಕನೆ ನಕ್ಕರು. ಅತ್ತ ಬೆನ್ನು ಮಾಡಿ ನಿಂತಿದ್ದ ಇವಾಕಿಚಿಗೂ ಮೀಸೆಯಡಿಯಲ್ಲಿ ನಗು ಬಂತು; ಆದರೆ ಅವನು ತಿರುಗಿದಾಗ ಮುಖ ಎಂದಿನಂತೆ ಬಿಗಿದಿತ್ತು. “ಬಾಯಿ ಮುಚ್ರೋ,” ಎಂದ. ತಾಮಿಯೊ ದೆನ್‌ಸುಕೆಯ ಕಟ್ಟನ್ನು ತನ್ನ ಹೊರೆಯ ಮೇಲೆ ಏರಿಸಿಕೊಂಡ. ಹೆಚ್ಚು ಭಾರ ಹೊತ್ತವನು ಕಡೆಯಲ್ಲಿ ದಾಟಬೇಕೆಂಬುದು ರೂಢಿ; ಹಾಗಾಗಿ ಅವನ ಸ್ಥಾನ ಬದಲಾಗಲಿಲ್ಲ.

ಇವಾಕಿಚಿ ಮರದ ಸಲಿಕೆಯಿಂದ ಹಳೆಯ ಗಟ್ಟಿ ಪದರ ಸಿಗುವವರೆಗೆ ಹಿಮವನ್ನು ತೋಡಿದ. ತೋಡಿದ ಗೋಡೆಯಿಂದ ಸಲಿಕೆಯಗಲದ ಒಂದು ಕಂಬವನ್ನು ಕೊಯ್ದು ಬಿಡಿಸಿ ನಿಲ್ಲಿಸಿದ. ಅದರ ತಲೆಯ ಮೇಲೆ ಸಲಿಕೆಯನ್ನು ಮಲಗಿಸಿ, ಮೊದಲು ಮಣಿಕಟ್ಟನ್ನಷ್ಟೇ ಆಡಿಸಿ ತಟ್ಟಿದ, ಕಂಬ ಅಲುಗಲಿಲ್ಲ. ಆಮೇಲೆ ಮೊಳಕೈಯಿಂದ ಕೈಯೆತ್ತಿ ಹೊಡೆದ. ಕಂಬ ತುಸು ಕುಗ್ಗಿತು, ಜಾರಲಿಲ್ಲ. ಮೊಣಕಾಲೂರಿ ಪದರಗಳ ನಡುವೆ ಬೆರಳಾಡಿಸಿ ನೋಡಿದ. ಒಂದೆಡೆ ಅಕ್ಕಿನುಚ್ಚಿನಂತೆ ಒಂದಕ್ಕೊಂದು ಅಂಟದ ಕಾಳುಹಿಮ ಸಿಕ್ಕಿತು, ತೆಳುವಾಗಿ, ಉಗುರಿನಷ್ಟು. ಅಷ್ಟು ನುಚ್ಚು ಎಲ್ಲ ವರ್ಷವೂ ಇರುತ್ತದೆ. ಮಣಿಕಟ್ಟಿಗೂ ಮೊಳಕೈಗೂ ತಡೆದ ಹಿಮ ದಾಟಲು ಯೋಗ್ಯವೆಂದು ಅವನ ಮಾವ ಕಲಿಸಿದ್ದ, ಮಾವನಿಗೆ ಅವನ ಹಿರಿಯರು ಕಲಿಸಿದ್ದರು.

“ಕೂತಿದೆ,” ಎಂದ.

ಅವನು ಮೊದಲು ದಾಟಿದ. ಆಚೆಯಂಚು ಮುಟ್ಟಿ ಊರೆಗೋಲನ್ನೆತ್ತಿದ ಮೇಲೆ ದೆನ್‌ಸುಕೆ ಹೊರಟ. ಅವನಾದ ಮೇಲೆ ಅಣ್ಣ, ಆಮೇಲೆ ತಮ್ಮ. ಹಿಮದಲ್ಲಿ ಹೂಳದಂತೆ ಕಾಲಿಗೆ ಕಟ್ಟಿದ ನಾಲ್ಕು ಜೊತೆ ಬಳ್ಳಿಮೆಟ್ಟುಗಳ ಜಾಡು ಇಳಿಜಾರಿನ ಮೇಲೆ ಹೊಲಿಗೆಯಂತೆ ಬಿದ್ದಿತ್ತು. ಆ ಜಾಡಿನಲ್ಲೇ ತಾಮಿಯೊ ಬಂದ. ನಡುವಿಗೆ ಬಂದಾಗ ಎಲ್ಲೋ ಆಳದಲ್ಲಿ ‘ಗುಮ್ಮ್’ ಎಂದಿತು. ದೊಡ್ಡ ಪ್ರಾಣಿಯೊಂದು ಎಂಜಲು ನುಂಗಿದ ಹಾಗೆ. ಅವನ ತಲೆಯ ಮೇಲ್ಗಡೆ ಕೂದಲೆಳೆಯಂಥ ಗೆರೆಯೊಂದು ಅಡ್ಡಡ್ಡ ಓಡಿತು. ತಾಮಿಯೊ ತಲೆಯೆತ್ತಿ ಮೇಲೆ ನೋಡಲಿಲ್ಲ, ತಂದೆಯ ಕಡೆ ನೋಡಿದ. ಮರುಕ್ಷಣದಲ್ಲಿ ಅವನು ನಿಂತಿದ್ದ ನೆಲವೇ ಹರಿದು ಹೊರಟಿತು.

ಬಿಳಿ ಧೂಳು ಕೆಳಗಿಳಿದು ಎಲ್ಲ ಸ್ತಬ್ಧವಾದಾಗ, ಇಳಿಜಾರಿನ ಕೆಳಭಾಗದಲ್ಲಿ ಗಡ್ಡೆಗಟ್ಟಿದ ಹಿಮದ ರಾಶಿ ಬಿದ್ದಿತ್ತು. ಅದರ ಕೆಳಮಗ್ಗುಲಲ್ಲಿ ಒಂಟಿ ಬುನಾ ಮರವೊಂದು ಅರ್ಧ ಹೂತು ನಿಂತಿತ್ತು. ಮರದ ಹತ್ತಿರ ಊರೆಗೋಲಿನ ತುದಿ ಕಾಣುತ್ತಿತ್ತು. ಮೇಲೆ, ಸೀಳಿದ ಗೆರೆಯ ಎಡಕ್ಕೆ, ಜಾರದೆ ಉಳಿದ ಹಿಮದ ಹಲಗೆ ರಾಶಿಯ ನೆತ್ತಿಗೆ ನೇರವಾಗಿ ತೂಗುತ್ತಿತ್ತು.

ಹೊರೆಯನ್ನು ಎಸೆದು ಓಡಹೊರಟ ದೆನ್‌ಸುಕೆಯನ್ನು ಇವಾಕಿಚಿ ಹುಲ್ಲಿನ ಕೊಪ್ಪೆ ಹಿಡಿದು ನಿಲ್ಲಿಸಿದ.

“ಅಣ್ಣಾ, ಬಿಡು! ಗೋಲು ಕಾಣ್ತಿದೆ, ಅಲ್ಲೇ ಇದಾನೆ!”

“ಮೇಲೆ ನೋಡು. ಇನ್ನರ್ಧ ಹಾಗೇ ಇದೆ.”

ದೆನ್‌ಸುಕೆ ಮೇಲೆ ನೋಡಿದ, ಮತ್ತೆ ಮರದ ಕಡೆ ನೋಡಿದ. ಆದರೂ ಆ ಹೊತ್ತಿಗೆ ಏನು ಹೇಳಬೇಕೆಂಬುದು ಅವನಿಗೆ ಗೊತ್ತಿತ್ತು. ಆ ಸೀಮೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾರ ರಕ್ತಸಂಬಂಧಿ ಹಿಮದಡಿ ಸಿಕ್ಕಿರುವನೋ ಅವನ ಬಳಿ ಮಾತು ಉಳಿಯಕೂಡದು. ಆಸೆ ಕಣ್ಣಿಗೆ ಮಸುಕು ಕಟ್ಟುತ್ತದೆ. ತನ್ನವನನ್ನು ಉಳಿಸುವ ಆತುರದಲ್ಲಿ ಅವನು ಕೂರದ ಹಿಮವನ್ನು ಕೂತಿದೆಯೆಂದು ಹೇಳಿ ಉಳಿದವರನ್ನೂ ಕಳೆದಾನು. ಆದ್ದರಿಂದ ಅವನು ಸಲಿಕೆಯನ್ನು ಮುಂದಿನವನ ಕೈಗೆ ಕೊಟ್ಟು ಹಿಂದೆ ಸರಿಯಬೇಕು.

“ಸಲಿಕೆ ಕೊಡಣ್ಣ,” ಎಂದ ದೆನ್‌ಸುಕೆ ಕೈಚಾಚಿ. “ಈಗ ಮಾತು ನಂದು.”

“ನಿನಗೆ ನಿನ್ನ ಮೂಗೇ ಸರಿಯಾಗಿ ಕಾಣಲ್ಲ.”

“ಕಾಣದಿದ್ರೂ ಪದ್ಧತಿ ಅದು. ಕೊಡು.”

“ಮಗನ ಆಸೆಗೆ ನಿಮ್ಮನ್ನೆಲ್ಲ ಅಲ್ಲಿಗೆ ನೂಕ್ತೀನಿ ಅನ್ಕೊಂಡ್ಯಾ? ನನ್ನ ಹಂಗೆ ತಿಳ್ಕೊಂಡ್ಯಾ ನೀನು?”

“ಅಯ್ಯೋ, ನೂಕು ಅಂತ್ಲೇ ನಾನು ಹೇಳ್ತಿರೋದು!”

ಇವಾಕಿಚಿ ಸಲಿಕೆಯನ್ನು ಕೊಡಲಿಲ್ಲ. ಅಲ್ಲೇ ತೋಡಿದ, ಕಂಬ ಕೊಯ್ದ. ಮಣಿಕಟ್ಟಿನಿಂದ ತಟ್ಟಿದ, ತಡೆಯಿತು. ಮೊಳಕೈಯಿಂದ ಹೊಡೆದ, ತಡೆಯಿತು. ಜಾರುವುದೆಲ್ಲ ಜಾರಿಹೋಗಿ ಉಳಿದದ್ದು ಹಿಡಿತ ಹೊಂದಿದೆಯೆಂದೇ ಅದರ ಅರ್ಥ. ಬೇರೆ ಯಾವ ದಿನವಾದರೂ ಅವನು ಅಲ್ಲಿಗೆ ಸಲಿಕೆ ತೆಗೆದು ಎದ್ದುನಿಲ್ಲುತ್ತಿದ್ದ. ದೆನ್‌ಸುಕೆ ಆಗಲೇ ಬಳ್ಳಿಮೆಟ್ಟನ್ನು ಬಿಗಿದುಕೊಳ್ಳತೊಡಗಿದ್ದ.

ಆದರೆ ಇವಾಕಿಚಿಗೆ ತನ್ನ ಎದೆಯೊಳಗೆ ಉಕ್ಕಿಬಂದ ಸಂತೋಷವೇ ಅನುಮಾನವಾಯಿತು. ಆಗಷ್ಟೇ ಇದೇ ಮೊಳಕೈ ಕೂತಿದೆ ಎಂದಿತ್ತು. ಈಗ ಕೂತಿದೆ ಎನ್ನುತ್ತಿರುವುದು ಹಿಮವೋ, ತಾಮಿಯೊನ ಅಪ್ಪನೋ? ಹಿಂದೆ ಮೂವರು ನಿಂತಿದ್ದರು. ದೆನ್‌ಸುಕೆಗೆ ಐದು ಮಕ್ಕಳು. ಪದ್ಧತಿ ಹೆದರಿದ್ದು ಇಂಥದೇ ಸಂತೋಷಕ್ಕಲ್ಲವೇ? ತಾನು ಅದಕ್ಕೆ ಸೋಲುವವನಲ್ಲವೆಂದು ಯಾರಿಗೋ ತೋರಿಸಬೇಕೆಂಬಂತೆ ಅವನು ತೋಳನ್ನು ಪೂರ್ತಿ ಮೇಲೆತ್ತಿ ಹೆಗಲಿನಿಂದ ಹೊಡೆದ.

ಹೆಗಲಿನಿಂದ ಹೊಡೆಯುವ ಕ್ರಮ ಆ ಸೀಮೆಯಲ್ಲಿರಲಿಲ್ಲ. ನಡುಚಳಿಗಾಲದಲ್ಲಿ ಆ ಪೆಟ್ಟನ್ನು ತಡೆಯುವ ಹಿಮವೂ ಇರಲಿಲ್ಲ. ಕಂಬ ನುಚ್ಚಿನ ಗೆರೆಯಲ್ಲಿ ಕತ್ತರಿಸಿ ಅವನ ಮಡಿಲಿಗೆ ಜಾರಿಬಿತ್ತು.

“ಕೂತಿಲ್ಲ!” ಎಂದ ಇವಾಕಿಚಿ. ಕಟ್ಟಳೆಯಂತೆ, ಗಟ್ಟಿಯಾಗಿ, ಸಾಲಿನ ಕೊನೆಯವನಿಗೂ ಕೇಳುವಂತೆ.

ದೆನ್‌ಸುಕೆ ಬಿದ್ದ ಕಂಬವನ್ನೂ ಅವನ ತೋಳನ್ನೂ ಬಾಯಿ ತೆರೆದು ನೋಡಿದ. ಮಾತು ಹೊರಬಿದ್ದ ಮೇಲೆ ಅದನ್ನು ಮೀರುವ ಎದೆಗಾರಿಕೆ ಅವನಿಗೆ ಬರಲಿಲ್ಲ. ಹಿಮದಲ್ಲಿ ಕುಸಿದು ಕೂತು ಮುಷ್ಟಿಯನ್ನು ಬಾಯಿಗೆ ತುರುಕಿಕೊಂಡು ಅತ್ತ.

ಅಣ್ಣತಮ್ಮಂದಿರು ಊರಿಗೆ ಸುದ್ದಿ ಒಯ್ದರು. ಮಧ್ಯಾಹ್ನ ಇಳಿಯುವ ಹೊತ್ತಿಗೆ ಜನ ಬಿದಿರುಗಳಗಳನ್ನೂ ಸಲಿಕೆಗಳನ್ನೂ ಹಿಡಿದು ಬಂದು ಮೌನವಾಗಿ ಅಂಚಿನಲ್ಲಿ ನಿಂತರು. ಅವರ ನಡುವಿನಿಂದ ಶಿನೊ ಬಂದಳು, ತಾಮಿಯೊನ ತಾಯಿ. ಅವಳು ಹಿಂದಿನ ಮುಂದಾಳಿನ ಮಗಳು. ಇವಾಕಿಚಿಗೆ ಹಿಮವನ್ನು ಓದಲು ಕಲಿಸಿದ್ದು ಅವಳ ತಂದೆಯೇ. ಏನನ್ನೂ ಕೇಳದೆ ಅವಳು ಸೀಳಿದ ಗೆರೆಯನ್ನೂ, ತೂಗುವ ಹಲಗೆಯನ್ನೂ, ಊರೆಗೋಲಿನ ತುದಿಯನ್ನೂ ನೋಡಿದಳು. ಆಮೇಲೆ ಅಂಚಿನಲ್ಲಿ ಮಂಡಿಯೂರಿ, ಎರಡು ಅಂಗೈಗಳನ್ನು ಬಾಯಿಗೆ ಗೂಡುಮಾಡಿ, ಮಗುವಿನ ಕಿವಿಗೆ ಹೇಳುವವಳಂತೆ ಹಿಮಕ್ಕೆ ಹೇಳಿದಳು:

“ತಾಮಿಯೊ, ನಿದ್ದೆ ಮಾಡ್ಬೇಡ ಕಂದಾ. ಅಮ್ಮ ಇಲ್ಲೇ ಇದೀನಿ.”

ಹಿಮದಡಿ ಸಿಕ್ಕಿ ಬದುಕಿ ಬಂದವರು ಆ ಊರಲ್ಲಿ ಇಬ್ಬರಿದ್ದರು. ಮೇಲೆ ಆಡಿದ್ದೆಲ್ಲ ಕೆಳಗೆ ಕೇಳಿಸುತ್ತದೆ, ಕೆಳಗೆ ಕೂಗಿದ್ದು ಮೇಲಕ್ಕೆ ಬರುವುದೇ ಇಲ್ಲವೆಂದು ಇಬ್ಬರೂ ಹೇಳುತ್ತಿದ್ದರು.

“ಶಿನೊ, ಸದ್ದು ಮಾಡ್ಬೇಡ,” ಎಂದ ಇವಾಕಿಚಿ.

ಅವಳು ಅವನತ್ತ ತಿರುಗಿ ನೋಡಿದಳು, ಆಮೇಲೆ ಸುಮ್ಮನಾದಳು.

ಊರವರು ಸಂಜೆಯವರೆಗೆ ಕಾದರು. ಹಲಗೆ ಜಾರಲಿಲ್ಲ. ಮೋಡ ಹರಿದು ಚಳಿ ಬಿಗಿಯಿತು. ಚಳಿ ಬಿಗಿದರೆ ಹಿಮವೂ ಬಿಗಿಯುತ್ತದೆ. ಬೆಳಗಿನ ತನಕ ಯಾರೂ ಹೆಜ್ಜೆಯಿಡುವಂತಿಲ್ಲವೆಂದು ಹಿರಿಯರು ಎಲ್ಲರನ್ನೂ ಕರೆದೊಯ್ದರು. ಉಳಿದವರು ಇವಾಕಿಚಿ ಮತ್ತು ದೆನ್‌ಸುಕೆ.

ಹೊತ್ತು ಮೂಡುತ್ತಲೇ ಇವಾಕಿಚಿ ಮತ್ತೊಮ್ಮೆ ತೋಡಿ, ಮಣಿಕಟ್ಟಿನಿಂದ, ಮೊಳಕೈಯಿಂದ ಹೊಡೆದು, ಕೂತಿದೆಯೆಂದು ಹೇಳಿ ತಾನೇ ಮುಂದಾಗಿ ನಡೆದ. ಹೆಚ್ಚು ಹುಡುಕಬೇಕಾಗಲಿಲ್ಲ. ಊರೆಗೋಲಿನ ಬಳಿ ಚುಚ್ಚಿದ ಮೊದಲ ಬಿದಿರಿಗೇ ಹೊರೆಯ ಚೌಕಟ್ಟು ತಗಲಿತು. ಆಳ ಒಬ್ಬಾಳಿನುದ್ದವೂ ಇರಲಿಲ್ಲ.

ಮರದ ಬೊಡ್ಡೆಗೂ ಹೊರೆಗೂ ನಡುವೆ ಒಂದು ಪೊಟರೆಯಾಗಿತ್ತು. ಅದರೊಳಗೆ ತಾಮಿಯೊ ಕೂತ ಭಂಗಿಯಲ್ಲಿದ್ದ. ಅವನ ಮುಖದ ಎದುರಿನ ಹಿಮ ಉಸಿರಿಗೆ ಕರಗಿ, ಮತ್ತೆ ಗಟ್ಟಿಯಾಗಿ, ಪಿಂಗಾಣಿ ಬಟ್ಟಲಿನ ಒಳಮೈಯಂತೆ ನುಣ್ಣಗೆ ಹೊಳೆಯುತ್ತಿತ್ತು. ಉಸಿರು ಬೇಗ ನಿಂತವರ ಮುಖದೆದುರು ಅಷ್ಟು ದಪ್ಪನೆಯ ಮಂಜುಗಡ್ಡೆ ಕಟ್ಟುವುದಿಲ್ಲ. ತಲೆಯ ಮೇಲ್ಗಡೆ ಹಿಮದಲ್ಲಿ ಹತ್ತು ಬೆರಳುಗಳೂ ಗೀರಿದ ಗುರುತುಗಳಿದ್ದವು. ಒಂದು ಮೊಳದಷ್ಟು ಮೇಲಕ್ಕೆ ಹೋಗಿ ನಿಂತಿದ್ದವು. ಕೈಗಳು ಮಾತ್ರ ಅಲ್ಲಿರಲಿಲ್ಲ. ಎರಡನ್ನೂ ಅಚ್ಚುಕಟ್ಟಾಗಿ ಕಂಕುಳಲ್ಲಿ ಸೇರಿಸಿಕೊಂಡಿದ್ದ.

ದೆನ್‌ಸುಕೆ ಅದನ್ನು ನೋಡಿ ದೂರ ಹೋಗಿ ನಿಂತ. ಇವಾಕಿಚಿ ನೋಡುತ್ತಲೇ ಇದ್ದ. ಹಿಮದಡಿ ಸಿಕ್ಕಿದಾಗ ಮೇಲಿನಿಂದ “ಕೂತಿಲ್ಲ” ಎಂದು ಕೇಳಿದರೆ ತೋಡಿ ದಣಿಯಬಾರದು, ಕೂಗಿ ಉಸಿರು ಕಳೆಯಬಾರದು. ಕೈಗಳನ್ನು ಕಂಕುಳಲ್ಲಿಟ್ಟು ಸುಮ್ಮನೆ ಕಾಯಬೇಕು. ಹಿಮ ಕೂತ ಕೂಡಲೇ ಬಂದು ತೆಗೆಯುತ್ತಾರೆ. ಹಾಗೆಂದು ಮಗನಿಗೆ ಹೇಳಿಕೊಟ್ಟವನು ಅವನೇ. ಹುಡುಗ ಹೇಳಿದಂತೆ ಕೇಳಿದ್ದ.

ಶವಸಂಸ್ಕಾರಕ್ಕೆ ಆಚೀಚಿನ ಹಳ್ಳಿಗಳಿಂದಲೂ ಜನ ಬಂದರು. ಒಲೆಗುಂಡಿಯ ಸುತ್ತ ಕೂತವರಲ್ಲಿ ಅಕ್ಕಿಮದ್ಯ ಸಾಕೆಯ ಬಟ್ಟಲು ಕೈಯಿಂದ ಕೈಗೆ ದಾಟುತ್ತಿದ್ದಾಗ, ಮುದುಕನೊಬ್ಬ ಕಣ್ಣೊರೆಸಿಕೊಳ್ಳುತ್ತ ಹೇಳಿದ: “ಇಂಥ ಮುಂದಾಳ್ನ ನಾನು ಕಂಡಿಲ್ಲ ಕಣ್ರಯ್ಯಾ. ಹೆತ್ತ ಮಗ ಕಣ್ಣೆದುರಿಗೇ ಇದ್ರೂ ಹಿಮದ ಸತ್ಯ ಬಿಡ್ಲಿಲ್ಲ. ನಾನಾಗಿದ್ರೆ ಸುಳ್ಳು ಹೇಳಿ ಓಡ್ತಿದ್ದೆ.” ಎಲ್ಲರೂ ತಲೆದೂಗಿದರು. ಇವಾಕಿಚಿ ನೆಲ ನೋಡುತ್ತ ಕೂತಿದ್ದ. ಆ ಹೊಗಳಿಕೆ ಅವನ ಬಾಯೊಳಗೆ ಮರಳಿನಂತೆ ಆಡಿತು.

ಬೂದಿ ತಂದ ಮರುದಿನ ಬೆಳಗ್ಗೆ ದೆನ್‌ಸುಕೆ ಬಂದು ಜಗುಲಿಯ ಮೇಲೆ ಕುಳಿತ. ಇವಾಕಿಚಿ ಒಳಗೆ ಕಾಗದದ ಬಾಗಿಲ ಹಿಂದೆ ಒರಗಿದ್ದ, ನಿದ್ದೆ ಬಂದಿರಲಿಲ್ಲ. ಶಿನೊ ಚಹಾ ತಂದಿಟ್ಟ ಸದ್ದು ಕೇಳಿಸಿತು.

“ಅತ್ತಿಗೆ, ಆ ಕಟ್ಟು ನಂದು. ನಾನು ಹೊತ್ಕೊಂಡಿದ್ರೆ ಅವನು ಹಗುರ ಇರ್ತಿದ್ದ.”

“ನಿನ್ನ ಮೊಣಕಾಲು ನೋವಂತ ಅವನು ತಗೊಂಡ. ಅದಕ್ಕೆ ಯಾಕೆ ಅಳ್ತೀಯ? ಅಷ್ಟು ಒಳ್ಳೆ ಬುದ್ಧಿ ಇತ್ತಲ್ಲ ಅವನಿಗೆ, ಅದನ್ನ ನೆನೆಸ್ಕೊ,” ಎಂದಳು ಶಿನೊ. ಮತ್ತೆ ಅವಳದೇ ದನಿ: “ದೆನ್‌ಸುಕೆ, ಒಂದು ಕೇಳ್ತೀನಿ, ಮುಚ್ಚಿಡ್ಬೇಡ. ಎರಡನೇ ಸಲ ಅವರು ಎಲ್ಲಿಂದ ಹೊಡೆದ್ರು?”

“ಅತ್ತಿಗೆ, ಅದೆಲ್ಲ ಈಗ್ಯಾಕೆ?”

“ನಾನು ಯಾರ ಮಗಳು ಅಂತ ಮರೆತ್ಯಾ? ನನ್ನಪ್ಪ ಹೊಡೀವಾಗ ಸಲಿಕೆ ಹಿಡ್ಕೊಳ್ತಿದ್ದೋಳು ನಾನು. ಎಲ್ಲಿಂದ ಹೊಡೆದ್ರು, ಹೇಳು.”

ದೆನ್‌ಸುಕೆ ಚಹಾದ ಬಟ್ಟಲನ್ನು ಕೆಳಗಿಟ್ಟ ಸದ್ದಾಯಿತು. “ಮಣಿಕಟ್ಟಿಗೂ ತಡೀತು ಅತ್ತಿಗೆ. ಮೊಳಕೈಗೂ ತಡೀತು. ಆಮೇಲೆ...” ಬಹುಶಃ ತನ್ನ ಹೆಗಲನ್ನು ಮುಟ್ಟಿ ತೋರಿಸಿರಬೇಕು.

ಅವನು ಹೋದ ಮೇಲೆ ಶಿನೊ ಒಳಗೆ ಬಂದಳು. ಮೂಲಂಗಿ ಹಾಕಿದ ಮಿಸೊ ಸಾರನ್ನು ಬಡಿಸಿ ಗಂಡನ ಮುಂದಿಟ್ಟು, ಒಲೆಗುಂಡಿಯ ಆಚೆ ಬದಿಗೆ ಕುಳಿತಳು. ಎಂಥ ಜಗಳಕ್ಕೂ ಇವಾಕಿಚಿ ಸಿದ್ಧನಾಗಿದ್ದ; ಅವಳು ಬೈದಿದ್ದರೆ, ಎದೆಗೆ ಗುದ್ದಿದ್ದರೆ ಅದೇ ಒಂದು ಆಸರೆಯಾಗುತ್ತಿತ್ತು. ಅವಳು ಮಾಮೂಲಿನ ದನಿಯಲ್ಲಿ ಕೇಳಿದಳು:

“ದೆನ್‌ಸುಕೆ ಮಗ ಅಲ್ಲಿ ಸಿಕ್ಕಿದ್ರೆ ಎಲ್ಲಿಗೆ ನಿಲ್ಲಿಸ್ತಿದ್ರಿ?”

ಸಾರಿನ ಹಬೆ ಮೇಲೇಳುತ್ತಿತ್ತು. ಸುಳ್ಳು ಹೇಳುವುದು ಸುಲಭವಿತ್ತು. ತೂಗುತ್ತಿದ್ದ ಹಲಗೆಯನ್ನು ತೋರಿಸಬಹುದಿತ್ತು. ಅವಳೂ ಅದನ್ನು ಕಂಡಿದ್ದಳು.

“ಮೊಳಕೈಗೆ,” ಎಂದ ಇವಾಕಿಚಿ.

ಶಿನೊ ತಲೆಯಾಡಿಸಿದಳು, ಯಾವುದೋ ಲೆಕ್ಕ ಸರಿಹೋಯಿತೆಂಬಂತೆ.

“ಹಂಗಾದ್ರೆ ಬೇರೆಯೋರ ಹೊಟ್ಟೇಲಿ ಹುಟ್ಟಿದ್ರೆ ಬದುಕ್ತಿದ್ದ,” ಎಂದಳು. “ನಮಗೆ ಹುಟ್ಟಿದ್ದೇ ತಪ್ಪಾಯ್ತು ನನ್ನ ಕೂಸಿಗೆ.”

ಅವಳು ಎದ್ದು ಹಿತ್ತಿಲ ಕೊಟ್ಟಿಗೆಗೆ ಹೋದಳು. ತುಸು ಹೊತ್ತಿನಲ್ಲಿ ಹುಲ್ಲು ಬಡಿಯುವ ಸದ್ದು ಕೇಳಿಬಂತು. ಚಪ್ಪಲಿ ಹೆಣೆಯುವ ಮುನ್ನ ಹುಲ್ಲನ್ನು ಮೆತ್ತಗೆ ಮಾಡುವ, ಚಳಿಗಾಲದ ಎಂದಿನ ಸದ್ದು.

ಇವಾಕಿಚಿ ತನ್ನ ಮಾತಿಗೆ ಎಂದೂ ಕಾರಣ ಕೊಟ್ಟವನಲ್ಲ. ಯಾರೂ ಕೇಳುತ್ತಿರಲಿಲ್ಲ, ಅವನೂ ಹೇಳುತ್ತಿರಲಿಲ್ಲ. ಈಗ ಅವನ ಬಾಯಿ ತಾನಾಗಿ ತೆರೆದುಕೊಂಡಿತು. “ಹಲಗೆ ಇತ್ತು, ಶಿನೊ,” ಎಂದ. “ಮೊದಲನೇ ಸಲ ಮೊಳಕೈ ಸುಳ್ಳು ಹೇಳಿತ್ತು. ಮೂವರಿದ್ರು ನನ್ನ ಹಿಂದೆ. ನನಗೆ ನನ್ನ ಆಸೇನೇ ನಂಬೋಕಾಗ್ಲಿಲ್ಲ. ಇವನು ನನ್ನವನಲ್ಲ ಅಂದ್ಕೊಂಡು ಹೊಡೀಬೇಕಿತ್ತು, ಆಗ್ಲಿಲ್ಲ. ನನ್ನವನು ಅಂದ್ಕೊಂಡೇ ಹೊಡೆದೆ...” ಹೇಳುತ್ತಾ ಹೋದ, ಗಾಳಿ ಯಾವ ಕಡೆಯಿಂದ ಬೀಸುತ್ತಿತ್ತು, ನುಚ್ಚು ಎಷ್ಟು ದಪ್ಪವಿತ್ತು, ಗೆರೆ ಹೇಗೆ ಓಡಿತು ಎಂಬುದನ್ನೆಲ್ಲ. ಎದುರಿಗೆ ಯಾರೂ ಇರಲಿಲ್ಲ. ಸಾರು ಆರಿ, ಮಿಸೊ ತಳಕ್ಕಿಳಿಯಿತು. ಅವನು ನಿಲ್ಲಿಸದೆ, ತೀರ ಮೆಲ್ಲಗೆ, ಇಳಿಜಾರಿನಂಚಿನಲ್ಲಿ ಕೂತವನಂತೆ ಹೇಳುತ್ತಲೇ ಇದ್ದ. ಹಿತ್ತಿಲಲ್ಲಿ ಹುಲ್ಲು ಬಡಿಯುವ ಸದ್ದು ಒಂದೇ ಸಮನೆ ನಡೆದಿತ್ತು.